ಟ್ರ್ಯಾಕ್ಟರ್ ಟ್ರ್ಯಾಲಿಯಲ್ಲಿ ಸುರಕ್ಷಿತ ಸರಕು ಸಾಗಣೆ

ಟ್ರ್ಯಾಕ್ಟರ್ ಟ್ರ್ಯಾಲಿ ಎಂಬುದು ಸ್ವಂತ ಎಂಜಿನ್ ಇಲ್ಲದ, ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸಿ ಎಳೆಯಲಾಗುವ ಸರಕು ವಾಹನ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳಲ್ಲಿ ಭತ್ತ, ಹತ್ತಿ, ತೊಗರಿ, ಮೇವು ಮುಂತಾದವುಗಳ ಸಾಗಣೆಗೆ ಇದು ವ್ಯಾಪಕವಾಗಿ ಬಳಕೆಯಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಭಾಗದಲ್ಲಿ ಸುಗ್ಗಿಯ ವೇಳೆ ಇವುಗಳ ಸಂಚಾರ ಹೆಚ್ಚು. ಮೂರೂ ಪಟ್ಟಣಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 150ಎಯಲ್ಲಿ ಈ ನಿಧಾನಗತಿಯ ವಾಹನಗಳು ಬಸ್ಸು, ಲಾರಿಗಳ ನಡುವೆಯೇ ಸಾಗಬೇಕಾಗುತ್ತದೆ.

ತೂಕ ಮತ್ತು ನಿಲುಗಡೆ

ತುಂಬಿದ ಟ್ರ್ಯಾಲಿಯನ್ನು ಎಳೆಯುವುದಕ್ಕಿಂತ ನಿಲ್ಲಿಸುವುದು ಕಷ್ಟ. ತಲಾ 75 ಕೆ.ಜಿ.ಯ 80 ಚೀಲ ಭತ್ತ ಹೇರಿದರೆ ಸರಕಿನ ತೂಕವೇ 6 ಟನ್. ಎಳೆಯುವ ಟ್ರ್ಯಾಕ್ಟರ್ ಸುಮಾರು 2 ಟನ್ ಮಾತ್ರ. ಅನೇಕ ಟ್ರ್ಯಾಲಿಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲವಾದ್ದರಿಂದ ಇಷ್ಟೂ ಭಾರವನ್ನು ಟ್ರ್ಯಾಕ್ಟರಿನ ಬ್ರೇಕುಗಳೇ ತಡೆಯಬೇಕು. ವೇಗವು ಗಂಟೆಗೆ 20ರಿಂದ 40 ಕಿ.ಮೀ.ಗೆ ಏರಿದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ತಿರುವಿನಲ್ಲಿ ಥಟ್ಟನೆ ಬ್ರೇಕ್ ಒತ್ತಿದಾಗ ಟ್ರ್ಯಾಲಿಯು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಎರಡೂ ಮಡಚಿಕೊಂಡು ಮಗುಚಬಹುದು.

ಉಳುಮೆಯಲ್ಲಿ ಬಿಗಿಯಾಗಿ ತಿರುಗಲೆಂದು ಟ್ರ್ಯಾಕ್ಟರಿನ ಎಡ ಮತ್ತು ಬಲ ಗಾಲಿಗಳಿಗೆ ಪ್ರತ್ಯೇಕ ಬ್ರೇಕ್ ಪೆಡಲ್‌ಗಳಿರುತ್ತವೆ. ರಸ್ತೆಗೆ ಇಳಿಯುವ ಮುನ್ನ ಇವೆರಡನ್ನೂ ಕೊಂಡಿಯಿಂದ ಜೋಡಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಇಲ್ಲವಾದರೆ ಒಂದೇ ಬದಿ ಹಿಡಿದು ವಾಹನ ಪಕ್ಕಕ್ಕೆ ಎಳೆಯುತ್ತದೆ. ಕಾಲುವೆ ಏರಿಯಿಂದ ಇಳಿಯುವಾಗ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಂಜಿನ್ನಿನ ತಡೆ ಇಲ್ಲವಾಗುತ್ತದೆ. ಉಳಿಯುವ ಡೀಸೆಲ್ ಅತ್ಯಲ್ಪ.

ಹೇರುವ ಕ್ರಮ ಮತ್ತು ಜೋಡಣೆ

ಎತ್ತಿನ ಬಂಡಿಯಲ್ಲಿ ಮುಂಭಾರವಾದರೆ ಎತ್ತುಗಳ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೇಳುತ್ತದೆ. ಎರಡು ಗಾಲಿಯ ಟ್ರ್ಯಾಲಿಗೂ ಇದೇ ನಿಯಮ. ಮುಂಭಾರ ಮಿತಿಮೀರಿದರೆ ಟ್ರ್ಯಾಕ್ಟರಿನ ಮುಂಗಾಲಿಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಹಿಂಭಾರವಾದರೆ ಟ್ರ್ಯಾಲಿ ಅಕ್ಕಪಕ್ಕಕ್ಕೆ ತೂಗಾಡುತ್ತದೆ. ನಾಲ್ಕು ಗಾಲಿಯ ಟ್ರ್ಯಾಲಿಯಲ್ಲಿ ಈ ತೊಂದರೆ ಕಡಿಮೆ. ಹತ್ತಿ, ಹುಲ್ಲಿನಂತಹ ಹಗುರ ಸರಕನ್ನು ಎತ್ತರಕ್ಕೆ ಒಟ್ಟಿದಾಗ ಗುರುತ್ವ ಕೇಂದ್ರ ಮೇಲೇರಿ, ಮಗುಚುವ ಸಂಭವ ಹೆಚ್ಚುತ್ತದೆ.

ಜೋಡಣೆಯ ಪಿನ್ ಸವೆದಿರಬಾರದು; ಅದು ಮೇಲೆ ಹಾರದಂತೆ ಕ್ಲಿಪ್ ಇರಬೇಕು. ಹಿಂಬದಿ ಅಚ್ಚಿಗಿಂತ ಎತ್ತರದಲ್ಲಿ ಸರಪಳಿ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಬೀಳಬಹುದು.

ರಾತ್ರಿ ಸಂಚಾರ ಮತ್ತು ಕಾನೂನು

ಕತ್ತಲಲ್ಲಿ ಕೆಟ್ಟು ನಿಂತ, ದೀಪವಿಲ್ಲದ ಟ್ರ್ಯಾಲಿ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಕಾಣುವುದೇ ಇಲ್ಲ. ಹಿಂಬದಿಯ ಕೆಂಪು ಪ್ರತಿಫಲಕಗಳನ್ನು ಮಣ್ಣು, ಹುಲ್ಲು ಮುಚ್ಚದಂತೆ ನೋಡಿಕೊಳ್ಳಬೇಕು. ಗಾಲಿಗೆ ಆನಿಸಿದ ಕಲ್ಲುಗಳನ್ನು ಹೊರಡುವಾಗ ರಸ್ತೆಯಲ್ಲೇ ಬಿಡಬಾರದು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ನಾಟಿ, ಹತ್ತಿ ಬಿಡಿಸುವ ಕೆಲಸಕ್ಕೆ ಕೂಲಿಕಾರರನ್ನು ಟ್ರ್ಯಾಲಿಯಲ್ಲಿ ಕರೆದೊಯ್ಯುವ ರೂಢಿಯೂ ಇದೆ. ಸರಕಿಗೆಂದು ಮಾಡಿದ ಈ ವಾಹನದಲ್ಲಿ ಆಸನವಾಗಲಿ ಹಿಡಿಕೆಯಾಗಲಿ ಇರುವುದಿಲ್ಲ. ಮಗುಚಿದರೆ ಜನರು ಅದರಡಿಯೇ ಸಿಲುಕುತ್ತಾರೆ.