ಸುಫಲಾ ಚೀಲದ ಹಿಂದಿರುವ ಗಣಿ

ಮುಂಬಯಿಯಲ್ಲಿ ಚೆಂಬೂರು ದಾಟಿ ಟ್ರಾಂಬೆ ಕಡೆಗೆ ಹೋದರೆ ರಾಷ್ಟ್ರೀಯ ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಜರ್ಸ್ (ಆರ್‌ಸಿಎಫ್) ಕಾರ್ಖಾನೆ ಸಿಗುತ್ತದೆ. ಕರ್ನಾಟಕದ ರೈತರೂ ಹೆಸರು ಹಿಡಿದು ಕೇಳುವ ಸುಫಲಾ ಗೊಬ್ಬರ ಇದರದೇ.

1960ರ ದಶಕದಲ್ಲಿ ಭಾರತೀಯ ರಸಗೊಬ್ಬರ ನಿಗಮದ ಘಟಕವಾಗಿ ಇದು ಕೆಲಸ ಶುರುಮಾಡಿತು. ನಿಗಮವನ್ನು ವಿಭಜಿಸಿದಾಗ, 1978ರಲ್ಲಿ, ಆರ್‌ಸಿಎಫ್ ಸ್ವತಂತ್ರ ಸರ್ಕಾರಿ ಕಂಪನಿಯಾಯಿತು. ಮುಂದೆ ಅಲಿಬಾಗ್ ಬಳಿಯ ಥಳ್‌ನಲ್ಲಿ ದೊಡ್ಡ ಯೂರಿಯಾ ಕಾರ್ಖಾನೆ ಎದ್ದಿತು. 2023ರಲ್ಲಿ ಕಂಪನಿಗೆ ನವರತ್ನ ಸ್ಥಾನ ಸಿಕ್ಕಿತು.

ಸುಫಲಾ ಚೀಲದ ಮೇಲೆ 15:15:15 ಎಂದು ಅಚ್ಚಾಗಿರುತ್ತದೆ. ಅಂದರೆ 50 ಕಿಲೋ ಚೀಲದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ತಲಾ ಏಳೂವರೆ ಕಿಲೋ ಲೆಕ್ಕ. ಸಾರಜನಕ ಗಾಳಿಯಲ್ಲಿ ಧಾರಾಳವಾಗಿದೆ. ನೈಸರ್ಗಿಕ ಅನಿಲದ ನೆರವಿನಿಂದ ಅದನ್ನು ಅಮೋನಿಯಾ ಮಾಡಬಹುದು. ಉಳಿದೆರಡನ್ನು ನೆಲ ಅಗೆದೇ ತರಬೇಕು. ರಂಜಕವಿರುವ ಶಿಲೆಯನ್ನು ಪುಡಿಮಾಡಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಗಿಡದ ಬೇರಿಗೆ ದಕ್ಕುವ ರೂಪ ಬರುತ್ತದೆ.

ಆ ಶಿಲೆ ನಮ್ಮಲ್ಲಿ ಕಡಿಮೆ. ಉದಯಪುರದ ಹತ್ತಿರದ ಝಾಮರ್‌ಕೋಟ್ರಾದಲ್ಲಿ ರಾಜಸ್ಥಾನ ಸರ್ಕಾರದ ಕಂಪನಿಯೊಂದು ಅದನ್ನು ತೆಗೆಯುತ್ತದೆ, ಆದರೆ ದೇಶದ ಹಸಿವಿಗೆ ಅದು ಸಾಲದು. ಜಗತ್ತಿನ ನಿಕ್ಷೇಪದ ಬಹುಪಾಲು ಇರುವುದು ಮೊರಾಕ್ಕೊದಲ್ಲಿ. ಅಲ್ಲಿನ ಸರ್ಕಾರಿ ಕಂಪನಿ ಒಸಿಪಿ ಹುಟ್ಟಿದ್ದು 1920ರಲ್ಲಿ. ಖುರಿಬ್ಗಾದ ಗಣಿಯಲ್ಲಿ ಮರುವರ್ಷವೇ ಅಗೆತ ಆರಂಭವಾಯಿತು. ಪೊಟ್ಯಾಷ್ ಮಟ್ಟಿಗಂತೂ ನಾವು ಪೂರ್ತಿ ಆಮದನ್ನೇ ನಂಬಿದ್ದೇವೆ. ಕೆನಡಾ, ರಷ್ಯಾ, ಬೆಲಾರೂಸ್‌ಗಳೇ ಅದರ ದೊಡ್ಡ ಗಣಿಗಳ ನೆಲೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಗೊಬ್ಬರದ ಅಂತರರಾಷ್ಟ್ರೀಯ ಬೆಲೆ ಜಿಗಿದು, ಕೇಂದ್ರ ಸರ್ಕಾರ ಸಬ್ಸಿಡಿಯನ್ನು ಭಾರಿಯಾಗಿ ಏರಿಸಬೇಕಾಯಿತು.