ವಾಹನ ಚಾಲನೆಯಲ್ಲಿ ಉಪಗ್ರಹ ಆಧಾರಿತ ಮಾರ್ಗದರ್ಶಿ ಸಾಧನದ ಆಯ್ಕೆ ಮತ್ತು ಬಳಕೆ: ಸಿಂಧನೂರು, ಮಸ್ಕಿ ಹಾಗೂ ಲಿಂಗಸುಗೂರು ತಾಲೂಕುಗಳ ಚಾಲಕರಿಗೆ ಮಾಹಿತಿ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 150-ಎ ಮೇಲೆ ಒಂದರ ನಂತರ ಒಂದರಂತೆ ಇವೆ. ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಸುಮಾರು 55 ಕಿ.ಮೀ. ದೂರವಿರುತ್ತದೆ. ಈ ಹೆದ್ದಾರಿಯಲ್ಲಿಯೇ ಸಂಚರಿಸುವವರಿಗೆ ಮಾರ್ಗದರ್ಶಿ ಸಾಧನದ ಅವಶ್ಯಕತೆ ಹೆಚ್ಚಾಗಿ ಉಂಟಾಗುವುದಿಲ್ಲ. ಅವಶ್ಯಕತೆ ಉಂಟಾಗುವುದು ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದ ಮೇಲೆ. ನೀರಾವರಿ ಪ್ರದೇಶದ ಕ್ಯಾಂಪ್‌ಗಳಿಗೆ, ಗುಡ್ಡದ ಅಂಚಿನ ತಾಂಡಾಗಳಿಗೆ, ಹೊಲಗಳ ನಡುವಿನ ದೊಡ್ಡಿಗಳಿಗೆ ರಾತ್ರಿ ವೇಳೆ ತೆರಳಬೇಕಾದ ತುರ್ತು ಚಿಕಿತ್ಸಾ ವಾಹನ, ಭತ್ತದ ಲಾರಿ ಅಥವಾ ಬಾಡಿಗೆ ಕಾರಿನ ಚಾಲಕರು ಇಂದು ಬಹುಮಟ್ಟಿಗೆ ಮೊಬೈಲ್ ದೂರವಾಣಿಯ ನಕ್ಷೆಯನ್ನೇ ಅವಲಂಬಿಸಿರುತ್ತಾರೆ. ಸದರಿ ಸಾಧನಗಳು ಎಲ್ಲಿ ನಂಬಿಕೆಗೆ ಅರ್ಹವಾಗಿವೆ, ಎಲ್ಲಿ ಇಲ್ಲ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶವಾಗಿದೆ.

ಸಾಧನವು ಕಾರ್ಯನಿರ್ವಹಿಸುವ ವಿಧಾನ

ಜಿ.ಪಿ.ಎಸ್. ಎಂಬುದು ಅಮೆರಿಕ ಸರ್ಕಾರವು ನಿರ್ವಹಿಸುವ ಉಪಗ್ರಹಗಳ ಸಮೂಹ. ಈ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಪರಿಭ್ರಮಿಸುತ್ತವೆ. ಪ್ರತಿಯೊಂದು ಉಪಗ್ರಹವೂ ತನ್ನಲ್ಲಿರುವ ಪರಮಾಣು ಗಡಿಯಾರದ ಸಮಯವನ್ನು ಮತ್ತು ತಾನಿರುವ ಸ್ಥಾನವನ್ನು ನಿರಂತರವಾಗಿ ಪ್ರಸಾರ ಮಾಡುತ್ತದೆ. ಕನಿಷ್ಠ 4 ಉಪಗ್ರಹಗಳ ಸಂಕೇತಗಳು ತಲುಪಲು ತೆಗೆದುಕೊಂಡ ಸಮಯವನ್ನು ಲೆಕ್ಕ ಹಾಕಿ ವಾಹನದಲ್ಲಿರುವ ಸಾಧನವು ತನ್ನ ಸ್ಥಾನವನ್ನು ತಾನೇ ಕಂಡುಕೊಳ್ಳುತ್ತದೆ. 2000ನೇ ಇಸವಿಯ ಮೇ ತಿಂಗಳವರೆಗೆ ನಾಗರಿಕ ಬಳಕೆಯ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷವನ್ನು ಬೆರೆಸಲಾಗುತ್ತಿತ್ತು. ಅದನ್ನು ಕೈಬಿಟ್ಟ ನಂತರವೇ ರಸ್ತೆ ಸಂಚಾರಕ್ಕೆ ಈ ವ್ಯವಸ್ಥೆಯು ನಿಜವಾಗಿ ಉಪಯುಕ್ತವಾಯಿತು.

ಈ ಸಂಕೇತವು ಆಕಾಶವಾಣಿಯ ಪ್ರಸಾರದಂತೆ ಒಮ್ಮುಖವಾದುದು. ಅದನ್ನು ಸ್ವೀಕರಿಸಲು ಶುಲ್ಕವಿಲ್ಲ, ಮೊಬೈಲ್ ನೆಟ್‌ವರ್ಕ್ ಸಹ ಬೇಕಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಜಿ.ಪಿ.ಎಸ್. ನಡೆಯುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಇನ್ನೂ ವ್ಯಾಪಕವಾಗಿದೆ. ನೆಟ್‌ವರ್ಕ್ ಇಲ್ಲದಾಗ ದೊರೆಯದಿರುವುದು ಸ್ಥಾನವಲ್ಲ, ನಕ್ಷೆ ಮಾತ್ರ. ನಕ್ಷೆಯನ್ನು ಮುಂಚಿತವಾಗಿ ದೂರವಾಣಿಯಲ್ಲಿ ಉಳಿಸಿಕೊಂಡಿದ್ದಲ್ಲಿ ಆ ತೊಂದರೆಯೂ ಇರುವುದಿಲ್ಲ. ಆದರೆ ಬಹುದಿನಗಳಿಂದ ಬಳಸದಿದ್ದ ಸಾಧನವು ನೆಟ್‌ವರ್ಕಿನ ನೆರವಿಲ್ಲದೆ ಉಪಗ್ರಹಗಳನ್ನು ಹುಡುಕಿಕೊಳ್ಳಲು ಹಲವು ನಿಮಿಷಗಳನ್ನು ತೆಗೆದುಕೊಳ್ಳಬಹುದು. ಅಂತಹ ಸಂದರ್ಭದಲ್ಲಿ ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ ಕಾಯುವುದು ಸೂಕ್ತ.

ಮಹಾನಗರಗಳಲ್ಲಿ ಎತ್ತರದ ಕಟ್ಟಡಗಳು ಸಂಕೇತವನ್ನು ಪ್ರತಿಫಲಿಸಿ ಸ್ಥಾನವನ್ನು ತಪ್ಪಿಸುತ್ತವೆ. ಈ ಮೂರು ತಾಲೂಕುಗಳ ಬಯಲು ನೆಲದಲ್ಲಿ ಅಂತಹ ಅಡಚಣೆ ವಿರಳ. ತೆರೆದ ಆಕಾಶದ ಕೆಳಗೆ ಸಾಮಾನ್ಯ ದೂರವಾಣಿಯೂ ಸುಮಾರು 5 ಮೀಟರ್‌ಗಳಷ್ಟು ನಿಖರವಾಗಿ ಸ್ಥಾನವನ್ನು ಸೂಚಿಸುತ್ತದೆ. ಹಾಗಿದ್ದೂ ವಾಹನಗಳು ದಾರಿ ತಪ್ಪುತ್ತವೆ. ಕಾರಣವಿಷ್ಟೆ: ಪರದೆಯ ಮೇಲಿನ ಚುಕ್ಕೆ ಉಪಗ್ರಹದ ಮಾತು, ಚುಕ್ಕೆಯ ಮುಂದೆ ಎಳೆದ ಗೆರೆ ನಕ್ಷೆಯ ಮಾತು. ಮೊದಲನೆಯದು ಈ ಭಾಗದಲ್ಲಿ ಬಹುತೇಕ ಸರಿಯಾಗಿರುತ್ತದೆ. ಎರಡನೆಯದನ್ನು ಯಾವಾಗಲೋ, ಎಲ್ಲಿಯೋ ಕುಳಿತವರು ದಾಖಲಿಸಿರುತ್ತಾರೆ.

ಸಾಧನದ ಆಯ್ಕೆ

ವಾಹನದ ಮುಂಗಾಜಿಗೆ ಅಂಟಿಸುವ ಪ್ರತ್ಯೇಕ ಮಾರ್ಗದರ್ಶಿ ಸಾಧನಗಳು ಹಿಂದೆ ಕಾರು ಮಾಲೀಕರಲ್ಲಿ ಬಳಕೆಯಲ್ಲಿದ್ದವು. ದೂರವಾಣಿಗಳಲ್ಲಿಯೇ ಈ ಸೌಲಭ್ಯವು ದೊರೆತ ನಂತರ ಅವುಗಳ ಬಳಕೆ ಬಹಳ ಕಡಿಮೆಯಾಗಿದೆ. ವೆಚ್ಚದ ದೃಷ್ಟಿಯಿಂದ ನೋಡಿದಲ್ಲಿ, ದೂರವಾಣಿಯನ್ನು ಈಗಾಗಲೇ ಹೊಂದಿರುವವರು ಪ್ರತ್ಯೇಕ ಸಾಧನಕ್ಕಾಗಿ ಹಣ ವಿನಿಯೋಗಿಸುವುದಕ್ಕೆ ಸಾಮಾನ್ಯವಾಗಿ ಸಮರ್ಥನೆ ಇರುವುದಿಲ್ಲ. ಕಾರಿನಲ್ಲಿಯೇ ಅಳವಡಿಸಿ ಬರುವ ಸಾಧನಗಳ ಪರದೆ ದೊಡ್ಡದಾಗಿರುತ್ತದೆಯಾದರೂ ನಕ್ಷೆಯನ್ನು ನವೀಕರಿಸದಿದ್ದಲ್ಲಿ ಅದು ವಾಹನ ಖರೀದಿಸಿದ ವರ್ಷದಲ್ಲಿಯೇ ನಿಂತಿರುತ್ತದೆ. ಉದಾಹರಣೆಗೆ, ಮಸ್ಕಿಯು ಪ್ರತ್ಯೇಕ ತಾಲೂಕಾಗಿದ್ದು 2018ರಲ್ಲಿ. ಅದಕ್ಕೂ ಮೊದಲಿನ ನಕ್ಷೆಗಳಲ್ಲಿ ಮಸ್ಕಿಯ ವಿಳಾಸಗಳು ಲಿಂಗಸುಗೂರು ತಾಲೂಕಿನಲ್ಲಿಯೇ ಇರುತ್ತವೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದಿತು. ಅದರಿಂದ ಬದಲಾದ ರಸ್ತೆ ದಾಟುವ ಸ್ಥಳಗಳು ಹಳೆಯ ನಕ್ಷೆಯಲ್ಲಿ ಇರಲು ಸಾಧ್ಯವಿಲ್ಲ.

ಆದ್ದರಿಂದ ಆಯ್ಕೆಯಲ್ಲಿ ಪರದೆಯ ಗಾತ್ರಕ್ಕಿಂತ ಮೂರು ಅಂಶಗಳನ್ನು ಪರಿಶೀಲಿಸುವುದು ಸೂಕ್ತ: ನಕ್ಷೆಯು ಉಚಿತವಾಗಿ ನವೀಕರಣಗೊಳ್ಳುವುದೇ, ನೆಟ್‌ವರ್ಕ್ ಇಲ್ಲದೆಯೂ ಮಾರ್ಗ ತೋರಿಸುವುದೇ, ಕನ್ನಡದಲ್ಲಿ ಧ್ವನಿ ಸೂಚನೆ ನೀಡುವುದೇ. ಗೂಗಲ್ ಮ್ಯಾಪ್ಸ್‌ನಲ್ಲಿ 2018ರಿಂದ ಕನ್ನಡ ಧ್ವನಿ ಸೂಚನೆ ಲಭ್ಯವಿದೆ. ಸೂಚನೆಯನ್ನು ಕಿವಿಯಿಂದ ಕೇಳಿ ಚಲಾಯಿಸುವ ಚಾಲಕನ ಕಣ್ಣು ರಸ್ತೆಯ ಮೇಲಿರುತ್ತದೆ ಎಂಬ ಕಾರಣಕ್ಕೆ ಇದು ಕೇವಲ ಅನುಕೂಲದ ವಿಷಯವಲ್ಲ. ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಯ ತಾಪಮಾನವು 40 ಡಿಗ್ರಿ ದಾಟುವುದು ಸಾಮಾನ್ಯವಾಗಿದ್ದು, ಮುಂಗಾಜಿನ ಹಿಂದೆ ನೇರ ಬಿಸಿಲಿಗೆ ಇಟ್ಟ ದೂರವಾಣಿಯು ಕಾದು ತಾನಾಗಿಯೇ ಸ್ಥಗಿತಗೊಳ್ಳುವ ಸಂಭವವಿರುತ್ತದೆ. ಹಿಡಿಕೆಯನ್ನು ಹವಾನಿಯಂತ್ರಣದ ಗಾಳಿ ಬರುವ ಕಿಂಡಿಯ ಬಳಿ ಅಳವಡಿಸುವುದು ಮೇಲು.

ಸಾಧನದ ಮೇಲೆ ನಾವಿಕ್ ಎಂದು ನಮೂದಿಸಿರುವುದನ್ನು ಕೆಲವರು ಗಮನಿಸಿರಬಹುದು. ಇದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ದೇಶದ ಸ್ವಂತ ವ್ಯವಸ್ಥೆ. ಇದರ ಮೊದಲ ಉಪಗ್ರಹವು 2013ರ ಜುಲೈ ತಿಂಗಳಲ್ಲಿ ಉಡಾವಣೆಗೊಂಡಿತು, ಇದರ ಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ ನಾವಿಕ್ ಒಂದನ್ನೇ ನೆಚ್ಚದೆ, ಜಿ.ಪಿ.ಎಸ್. ಮುಂತಾದ ಇತರೆ ವ್ಯವಸ್ಥೆಗಳನ್ನೂ ಸ್ವೀಕರಿಸುವ ಸಾಧನವನ್ನು ಆಯ್ದುಕೊಳ್ಳಬೇಕು. ಇಂದಿನ ಬಹುಪಾಲು ದೂರವಾಣಿಗಳು ಹಲವು ವ್ಯವಸ್ಥೆಗಳನ್ನು ಸ್ವೀಕರಿಸುತ್ತವೆ.

ಬಸ್ಸು ಹಾಗೂ ಟ್ಯಾಕ್ಸಿಗಳಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ ನಿಯಮ 125-ಎಚ್ ಅನ್ವಯ ಅಳವಡಿಸುವ ಸ್ಥಳ ಪತ್ತೆ ಸಾಧನವು ಬೇರೆಯೇ ಆಗಿರುತ್ತದೆ. ಅದು ವಾಹನವಿರುವ ಸ್ಥಳವನ್ನು ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತದೆಯೇ ಹೊರತು ಚಾಲಕನಿಗೆ ದಾರಿ ತೋರಿಸುವುದಿಲ್ಲ.

ಹೆಸರುಗಳಿಂದ ಉಂಟಾಗುವ ಗೊಂದಲ

ಸಾಧನದಲ್ಲಿ ಊರಿನ ಹೆಸರನ್ನು ನಮೂದಿಸುವ ಹಂತದಲ್ಲಿಯೇ ಹೆಚ್ಚಿನ ತಪ್ಪುಗಳು ಜರುಗುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಆರಂಭವಾದ ನಂತರ ಆಂಧ್ರ ಪ್ರದೇಶದಿಂದ ಬಂದ ರೈತರು ಸಿಂಧನೂರು ಭಾಗದಲ್ಲಿ ನೆಲೆಸಿದ ಊರುಗಳಿಗೆ ಕ್ಯಾಂಪ್ ಎಂದೇ ಹೆಸರಾಯಿತು. ಇವುಗಳಲ್ಲಿ ಹಲವು ದೇವರ ಅಥವಾ ನಾಯಕರ ಹೆಸರು ಹೊತ್ತಿದ್ದು, ಒಂದೇ ಹೆಸರು ಒಂದಕ್ಕಿಂತ ಹೆಚ್ಚು ಕಡೆ ಕಂಡುಬರುತ್ತದೆ. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗಾಗಿ ಸಿಂಧನೂರಿನ ಬಳಿ ನಿರ್ಮಿಸಲಾದ ಆರ್.ಎಚ್. ಕ್ಯಾಂಪ್‌ಗಳಿಗೆ ಅಂಕಿಯೇ ಗುರುತು. ದೂರವಾಣಿಯಲ್ಲಿ ಹೇಳಿದ ಅಂಕಿಯನ್ನು ಒಂದು ತಪ್ಪಾಗಿ ಕೇಳಿಸಿಕೊಂಡರೆ ವಾಹನವು ಬೇರೊಂದು ಊರಿನಲ್ಲಿ ನಿಂತಿರುತ್ತದೆ. ಲಿಂಗಸುಗೂರು ಭಾಗದ ತಾಂಡಾಗಳು ಮತ್ತು ದೊಡ್ಡಿಗಳ ಸ್ಥಿತಿ ಇದಕ್ಕಿಂತ ಕಠಿಣ. ಹಲವು ದೊಡ್ಡಿಗಳು ನಾಲ್ಕಾರು ಮನೆಗಳ ವಸತಿಗಳಾಗಿದ್ದು ಮೂಲ ಗ್ರಾಮದ ಹೆಸರಿನಲ್ಲಿಯೇ ಅಡಗಿಹೋಗಿರುತ್ತವೆ.

ಇಂಗ್ಲಿಷ್ ಕಾಗುಣಿತವೂ ಒಂದೇ ತೆರನಾಗಿಲ್ಲ. ಲಿಂಗಸುಗೂರು ಎಂಬ ಹೆಸರನ್ನೇ ಮೂರು ನಾಲ್ಕು ಬಗೆಯಲ್ಲಿ ಬರೆಯಲಾಗುತ್ತದೆ. ಕನ್ನಡ ಲಿಪಿಯಲ್ಲಿ ಹುಡುಕುವುದು ಹಲವು ಬಾರಿ ಹೆಚ್ಚು ಫಲಕಾರಿಯಾಗಿರುತ್ತದೆ. ಫಲಿತಾಂಶದಲ್ಲಿ ಒಂದೇ ಹೆಸರಿನ ಹಲವು ಊರುಗಳು ಬಂದಲ್ಲಿ ಮೊದಲನೆಯದನ್ನು ಒತ್ತದೆ, ಅದರ ಜೊತೆಗಿರುವ ತಾಲೂಕು, ಜಿಲ್ಲೆ ಮತ್ತು ದೂರವನ್ನು ಓದಬೇಕು. ಹಂಚಿನಾಳ, ರಾಂಪುರ ಮುಂತಾದ ಹೆಸರುಗಳು ಉತ್ತರ ಕರ್ನಾಟಕದ ಹಲವು ತಾಲೂಕುಗಳಲ್ಲಿರುವುದರಿಂದ 20 ಕಿ.ಮೀ. ಪ್ರಯಾಣವು ಪರದೆಯಲ್ಲಿ 120 ಕಿ.ಮೀ. ಎಂದು ಕಂಡುಬಂದಲ್ಲಿ ಅದು ಬೇರೆ ಊರೆಂದೇ ತಿಳಿಯತಕ್ಕದ್ದು. ಹೋಗಬೇಕಾದ ಸ್ಥಳದಲ್ಲಿರುವವರಿಂದ ಅವರ ದೂರವಾಣಿಯ ಮೂಲಕವೇ ಸ್ಥಳವನ್ನು ಕಳುಹಿಸಿಕೊಳ್ಳುವುದು ಎಲ್ಲಕ್ಕಿಂತ ಖಚಿತವಾದ ಕ್ರಮ.

ನಕ್ಷೆಯಲ್ಲಿದ್ದು ನೆಲದ ಮೇಲೆ ಇಲ್ಲದ ರಸ್ತೆಗಳು

ಸಾಧನವು ಸಾಮಾನ್ಯವಾಗಿ ಅತಿ ಕಡಿಮೆ ಸಮಯದ ಮಾರ್ಗವನ್ನು ಆರಿಸುತ್ತದೆ. ನೀರಾವರಿ ಪ್ರದೇಶದಲ್ಲಿ ಇಂತಹ ಮಾರ್ಗವು ಹಲವು ವೇಳೆ ಕಾಲುವೆಯ ದಂಡೆಯಾಗಿರುತ್ತದೆ. ಕಾಲುವೆ ಸಿಬ್ಬಂದಿಯ ತಪಾಸಣೆಗಾಗಿ ನಿರ್ಮಿಸಿದ ದಂಡೆಯ ದಾರಿಯು ಉಪಗ್ರಹ ಚಿತ್ರದಲ್ಲಿ ನೇರವಾದ, ಸ್ವಚ್ಛವಾದ ರಸ್ತೆಯಂತೆ ಕಾಣುವುದರಿಂದ ನಕ್ಷೆಯಲ್ಲಿ ರಸ್ತೆಯೆಂದೇ ದಾಖಲಾಗಿರುವುದುಂಟು. ವಾಸ್ತವದಲ್ಲಿ ಅಲ್ಲಿ ತಡೆಗೋಡೆಯಾಗಲಿ, ದೀಪವಾಗಲಿ, ಎದುರಿನ ವಾಹನಕ್ಕೆ ಸರಿದು ನಿಲ್ಲಲು ಜಾಗವಾಗಲಿ ಇರುವುದಿಲ್ಲ. ಕಾಲುವೆಗೆ ನೀರು ಬಿಟ್ಟಿರುವ ತಿಂಗಳುಗಳಲ್ಲಿ ರಾತ್ರಿ ವೇಳೆ ಹಿಂದಕ್ಕೆ ತೆಗೆದುಕೊಳ್ಳುವಾಗ ಒಂದು ಗಾಲಿ ಜಾರಿದರೂ ವಾಹನವು ನೀರಿನಲ್ಲಿರುತ್ತದೆ. ಪರದೆಯ ಗೆರೆಯು ನೀಲಿ ಬಣ್ಣದ ಕಾಲುವೆಗೆ ಅಂಟಿಕೊಂಡು ಸಾಗುತ್ತಿರುವುದು ಕಂಡುಬಂದಲ್ಲಿ, ರಾತ್ರಿಯಲ್ಲಿ ಆ ಮಾರ್ಗವನ್ನು ಬಿಟ್ಟು ಹತ್ತು ಕಿಲೋಮೀಟರ್ ಹೆಚ್ಚಾದರೂ ಡಾಂಬರು ರಸ್ತೆಯಲ್ಲಿಯೇ ಹೋಗತಕ್ಕದ್ದು. ಭಾರದ ಲಾರಿಗಳಿಗೆ ಇದು ಹಗಲಿಗೂ ಅನ್ವಯಿಸುತ್ತದೆ. ಸಾಮಾನ್ಯ ನಕ್ಷೆಗಳಿಗೆ ವಾಹನದ ತೂಕವಾಗಲಿ, ಉಪಕಾಲುವೆಗಳ ಕಿರು ಸೇತುವೆಗಳ ಸಾಮರ್ಥ್ಯವಾಗಲಿ ತಿಳಿದಿರುವುದಿಲ್ಲ.

ಎರಡನೆಯದಾಗಿ ಎರೆಭೂಮಿಯ ಬಂಡಿದಾರಿಗಳು. ಬೇಸಿಗೆಯಲ್ಲಿ ಕಾರು ಸಾಗುವ ಹೊಲದ ದಾರಿಯಲ್ಲಿ ಒಂದು ಮಳೆಯ ನಂತರ ಟ್ರ್ಯಾಕ್ಟರ್ ಸಹ ಹೂತುಕೊಳ್ಳುತ್ತದೆ. ಭತ್ತದ ಕೊಯ್ಲಿನ ಸಮಯದಲ್ಲಿ ಒಳರಸ್ತೆಗಳ ಮೇಲೆ ಭತ್ತ ಒಣಗಿಸುವುದು, ಕೊಯ್ಲು ಯಂತ್ರಗಳು ರಸ್ತೆಯಗಲಕ್ಕೂ ಸಾಗುವುದು ಇಲ್ಲಿ ಎಲ್ಲರಿಗೂ ಪರಿಚಿತ. ನಕ್ಷೆಗೆ ಮಾತ್ರ ಅಪರಿಚಿತ.

ಮೂರನೆಯದು ನದಿ. ಲಿಂಗಸುಗೂರು ತಾಲೂಕಿನಲ್ಲಿ ಕೃಷ್ಣಾ ನದಿಯ ನಡುಗಡ್ಡೆ ಪ್ರದೇಶಕ್ಕೆ ಸಂಪರ್ಕ ಕಲ್ಪಿಸುವ ಶೀಲಹಳ್ಳಿ ಸೇತುವೆಯು, ನಾರಾಯಣಪುರ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ಮುಳುಗುತ್ತದೆ. 2019ರ ಪ್ರವಾಹದಲ್ಲಿಯೂ ಹಾಗೆಯೇ ಆಯಿತು. ಜಲದುರ್ಗದ ಕೋಟೆಯನ್ನು ನೋಡಲು ಹೊರಗಿನಿಂದ ಬರುವವರಿಗೆ ಈ ವಿಷಯ ತಿಳಿದಿರುವುದಿಲ್ಲ. ಸೇತುವೆ ನೀರಿನಡಿ ಇದ್ದರೂ ನಕ್ಷೆಯಲ್ಲಿ ಗೆರೆ ಹಾಗೆಯೇ ಇರಬಹುದು. 2024ರ ನವೆಂಬರ್ ತಿಂಗಳಲ್ಲಿ ಉತ್ತರ ಪ್ರದೇಶದ ರಾಮಗಂಗಾ ನದಿಯ ಮೇಲೆ, ಪ್ರವಾಹದಲ್ಲಿ ಹಿಂದೆಯೇ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರೊಂದು ಕೆಳಗೆ ಬಿದ್ದು ಮೂವರು ಮೃತಪಟ್ಟರು. ಅವರು ಮಾರ್ಗದರ್ಶಿ ನಕ್ಷೆಯನ್ನು ಅನುಸರಿಸುತ್ತಿದ್ದರೆಂದು ವರದಿಯಾಗಿತ್ತು. ಮಳೆಗಾಲದಲ್ಲಿ ಹಳ್ಳ ಅಥವಾ ನದಿಯನ್ನು ದಾಟುವ ಯಾವುದೇ ಮಾರ್ಗದ ಬಗ್ಗೆ ಹಿಂದಿನ ಊರಿನಲ್ಲಿಯೇ ವಾಹನ ನಿಲ್ಲಿಸಿ ವಿಚಾರಿಸುವುದು ಅತ್ಯವಶ್ಯಕ. ಚಹಾ ಅಂಗಡಿಯವರ ಮಾತಿಗೂ ಸಾಧನದ ಮಾತಿಗೂ ವ್ಯತ್ಯಾಸ ಬಂದಲ್ಲಿ, ಅಂಗಡಿಯವರು ಆ ದಿನದ ರಸ್ತೆಯನ್ನು ಕಂಡವರೆಂಬುದನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

ಕಾನೂನಿನ ಅವಕಾಶ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 184ರ ಅಡಿಯಲ್ಲಿ (2019ರ ತಿದ್ದುಪಡಿಯಂತೆ) ಚಾಲನೆಯ ಸಮಯದಲ್ಲಿ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯು ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಬರುತ್ತದೆ. ದಿನಾಂಕ 1-10-2020ರಿಂದ ಜಾರಿಗೆ ಬಂದ ನಿಯಮ ತಿದ್ದುಪಡಿಯಂತೆ, ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ ಮಾರ್ಗ ತಿಳಿಯಲು ಮಾತ್ರ ಅದನ್ನು ಬಳಸಬಹುದಾಗಿದೆ. ಅಂದರೆ ಸ್ಥಳವನ್ನು ಹೊರಡುವ ಮುನ್ನವೇ ನಮೂದಿಸಿ, ಸಾಧನವನ್ನು ಹಿಡಿಕೆಯಲ್ಲಿ ಭದ್ರಪಡಿಸಿರಬೇಕು. ಬದಲಾವಣೆ ಬೇಕಾದಲ್ಲಿ ವಾಹನವನ್ನು ಬದಿಗೆ ನಿಲ್ಲಿಸಬೇಕು. ದ್ವಿಚಕ್ರ ವಾಹನ ಸವಾರರು ಒಂದು ಕೈಯಲ್ಲಿ ದೂರವಾಣಿ ಹಿಡಿದು ನಕ್ಷೆ ನೋಡುತ್ತಾ ಸಾಗುವುದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

ತುರ್ತು ಸಂದರ್ಭದಲ್ಲಿ ಸ್ಥಳವನ್ನು ತಿಳಿಸುವ ಕ್ರಮ

ಅಪಘಾತ ಅಥವಾ ಹೆರಿಗೆಯಂತಹ ತುರ್ತು ಸಂದರ್ಭಗಳಲ್ಲಿ 108 ಅಥವಾ 112ಕ್ಕೆ ಕರೆ ಮಾಡಿದಾಗ ಇರುವ ಸ್ಥಳವನ್ನು ವಿವರಿಸುವುದೇ ಕಷ್ಟವಾಗುತ್ತದೆ. ಸುತ್ತಲೂ ಗದ್ದೆಯೇ ಇರುವಲ್ಲಿ ಗುರುತು ಹೇಳಲು ಏನೂ ಇರುವುದಿಲ್ಲ. ದೂರವಾಣಿಯ ನಕ್ಷೆಯಲ್ಲಿ ತಾವಿರುವ ಚುಕ್ಕೆಯ ಮೇಲೆ ಬೆರಳನ್ನು ಒತ್ತಿ ಹಿಡಿದಲ್ಲಿ ಆ ಸ್ಥಳದ ಅಕ್ಷಾಂಶ ಮತ್ತು ರೇಖಾಂಶಗಳನ್ನು ಪಡೆಯಬಹುದಾಗಿದ್ದು, ಅವುಗಳನ್ನು ಓದಿ ಹೇಳಬಹುದು. ಮಸ್ಕಿ ಪಟ್ಟಣವು ಸುಮಾರು 15.96 ಮತ್ತು 76.64, ಸಿಂಧನೂರು ಸುಮಾರು 15.77 ಮತ್ತು 76.76, ಲಿಂಗಸುಗೂರು ಸುಮಾರು 16.16 ಮತ್ತು 76.52 ಡಿಗ್ರಿಗಳಲ್ಲಿವೆ. ಆದ್ದರಿಂದ ಈ ಭಾಗದಲ್ಲಿ ಮೊದಲ ಸಂಖ್ಯೆಯು 15 ಅಥವಾ 16ರಿಂದಲೂ ಎರಡನೆಯದು 76ರಿಂದಲೂ ಆರಂಭವಾಗಬೇಕು. ಹಾಗಿಲ್ಲದಿದ್ದಲ್ಲಿ ಓದುವುದರಲ್ಲಿ ತಪ್ಪಾಗಿದೆ ಎಂದು ಒಡನೆಯೇ ತಿಳಿಯುತ್ತದೆ. ಬಿಂದುವಿನ ನಂತರ 4 ಅಂಕಿಗಳನ್ನು ಹೇಳುವುದು ಸಾಕು. ನಾಲ್ಕನೆಯ ಅಂಕಿಯು ಸುಮಾರು 11 ಮೀಟರ್ ಅಂತರಕ್ಕೆ ಸಮ. ಎರಡೇ ಅಂಕಿಗಳನ್ನು ಹೇಳಿದಲ್ಲಿ ಒಂದು ಕಿಲೋಮೀಟರ್‌ಗೂ ಹೆಚ್ಚು ವ್ಯತ್ಯಾಸವಾಗಬಹುದಾಗಿದ್ದು, ಕತ್ತಲಲ್ಲಿ ಕಾಲುವೆಯ ಆಚೆ ದಡಕ್ಕೆ ಬಂದು ನಿಂತ ವಾಹನವು ಈಚೆ ದಡದ ರೋಗಿಗೆ ಉಪಯೋಗಕ್ಕೆ ಬಾರದು. ಯಾವ ದಡ ಎಂಬುದನ್ನು ಬಾಯಿಮಾತಿನಲ್ಲಿಯೂ ಸ್ಪಷ್ಟವಾಗಿ ತಿಳಿಸತಕ್ಕದ್ದು. ಸಾಧ್ಯವಿದ್ದಲ್ಲಿ ಒಬ್ಬರು ಡಾಂಬರು ರಸ್ತೆಯ ಕೂಡುವೆಡೆಗೆ ಬಂದು ಬ್ಯಾಟರಿ ದೀಪ ಹಿಡಿದು ನಿಲ್ಲುವುದು ಒಳಿತು.

ನಕ್ಷೆಯಲ್ಲಿನ ತಪ್ಪುಗಳ ತಿದ್ದುಪಡಿ

ಗೂಗಲ್ ಮ್ಯಾಪ್ಸ್‌ನಲ್ಲಿ ಇಲ್ಲದ ಊರನ್ನು ಸೇರಿಸಲು, ತಪ್ಪು ರಸ್ತೆಯನ್ನು ವರದಿ ಮಾಡಲು ಯಾವುದೇ ಬಳಕೆದಾರರಿಗೆ ಅವಕಾಶವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೋಂದಾಯಿತ ಬಳಕೆದಾರರು ನೇರವಾಗಿಯೇ ತಿದ್ದಬಹುದು. ಕ್ಯಾಂಪ್, ತಾಂಡಾ ಹಾಗೂ ದೊಡ್ಡಿಗಳ ನಿವಾಸಿಗಳು ತಮ್ಮ ಊರಿನ ಹೆಸರು, ಶಾಲೆ, ಅಂಗನವಾಡಿ ಮತ್ತು ಮುಖ್ಯವಾಗಿ ಎಲ್ಲ ಕಾಲದಲ್ಲಿಯೂ ವಾಹನ ಬರಬಹುದಾದ ರಸ್ತೆಯು ನಕ್ಷೆಯಲ್ಲಿ ಸರಿಯಾಗಿದೆಯೇ ಎಂಬುದನ್ನು ಒಮ್ಮೆ ಪರಿಶೀಲಿಸಿಕೊಳ್ಳಲು ಕೋರಲಾಗಿದೆ. ಗೂಗಲ್ ಮ್ಯಾಪ್ಸ್‌ಗೆ ಕಳುಹಿಸಿದ ಬದಲಾವಣೆಗಳು ಪರಿಶೀಲನೆಯ ನಂತರವೇ ಪ್ರಕಟವಾಗುವುದರಿಂದ, ಈ ಕೆಲಸವನ್ನು ಮಳೆಗಾಲಕ್ಕೆ ಮುನ್ನವೇ ಮಾಡಿಕೊಳ್ಳುವುದು ಸೂಕ್ತವಾಗಿರುತ್ತದೆ.