ಹಂದಿಯ ಮೂಗಿನಲ್ಲೊಂದು ಕಾವಲು

ಕಲಬುರಗಿಯ ಅಂಚಿನಲ್ಲಿರುವ ತಾಜಸುಲ್ತಾನಪುರದಿಂದ ಕಮಲಾಪುರದವರೆಗೆ ಯಾವ ಊರಿನ ವಿದ್ಯಾರ್ಥಿಯನ್ನಾದರೂ "ಹಂದಿಯಿಂದ ನಮಗೇನು ಪ್ರಯೋಜನ?" ಎಂದು ಕೇಳಿದರೆ ಆತನು ನಕ್ಕು ಮುಖ ತಿರುಗಿಸುವುದೇ ಹೆಚ್ಚು. ಚರಂಡಿಯ ಕೆಸರಿನಲ್ಲಿ ಹೊರಳುವ ಪ್ರಾಣಿಯೆಂಬ ತಾತ್ಸಾರವು ನಮ್ಮ ಮನಸ್ಸಿನಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಆದರೆ ಅದನ್ನು ಸಾಕಿ ಬದುಕುವ ಕುಟುಂಬಕ್ಕೆ ಹಂದಿಯೇ ಗಂಟು. ಮಗಳ ಮದುವೆಗೂ ಮಗನ ಶಾಲೆಯ ಶುಲ್ಕಕ್ಕೂ ಒದಗುವ ಆಸ್ತಿ. ಆ ಗಂಟು ಒಂದು ವಾರದಲ್ಲಿ ಕರಗಿಹೋಗುವಂತೆ ಮಾಡಬಲ್ಲ ಶತ್ರುಗಳಿವೆ. ಅವು ಕಣ್ಣಿಗೆ ಕಾಣುವುದಿಲ್ಲ. ಅವುಗಳಲ್ಲಿ ಕೆಲವು ಹಂದಿಯನ್ನು ದಾಟಿ ನಮ್ಮ ಮನೆಯ ಬಾಗಿಲಿಗೂ ಬರಬಲ್ಲವು. ಆದುದರಿಂದ ಹಂದಿಯ ಆರೋಗ್ಯವನ್ನು ಕುರಿತು ನಾವು ಎರಡು ಗಳಿಗೆ ಯೋಚಿಸಿದರೆ ನಷ್ಟವೇನೂ ಇಲ್ಲ.

ಸೋಸಿದರೂ ಉಳಿದ ವಿಷ

ಹಂದಿಗಳ ರೋಗಗಳಲ್ಲಿ ಹಳೆಯ ವೈರಿ ಹಂದಿಜ್ವರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದಕ್ಕೆ ಒಂದು ಬ್ಯಾಕ್ಟೀರಿಯವೇ ಕಾರಣವೆಂದು ಅಮೆರಿಕದ ವಿಜ್ಞಾನಿಗಳು ನಂಬಿದ್ದರು. 1903ರ ಸುಮಾರಿನಲ್ಲಿ ಡಿ ಷ್ವೈನಿಟ್ಸ್ ಮತ್ತು ಡಾರ್ಸೆಟ್ ಎಂಬ ಇಬ್ಬರು ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ರೋಗಪೀಡಿತ ಹಂದಿಯ ರಕ್ತದ್ರವವನ್ನು ಬ್ಯಾಕ್ಟೀರಿಯಗಳು ನುಸುಳಲಾರದಂಥ ಸೋಸುಕದ ಮೂಲಕ ಹಾಯಿಸಿ, ಸೋಸಿ ಬಂದುದನ್ನು ಆರೋಗ್ಯವಂತ ಹಂದಿಗಳಿಗೆ ಚುಚ್ಚಿದರು. ಆ ಹಂದಿಗಳೂ ಮಲಗಿದವು. ಬ್ಯಾಕ್ಟೀರಿಯಕ್ಕಿಂತ ಬಹು ಚಿಕ್ಕದಾದ ಯಾವುದೋ ಒಂದು ರೋಗಕಾರಕವಿದೆಯೆಂಬುದು ಹೀಗೆ ಸಿದ್ಧವಾಯಿತು. ಅದನ್ನೇ ಇಂದು ನಾವು ವೈರಸ್ ಎನ್ನುತ್ತೇವೆ.

ಈ ವೈರಸನ್ನು ಮೊಲದಿಂದ ಮೊಲಕ್ಕೆ ನೂರಾರು ಬಾರಿ ದಾಟಿಸಿದರೆ ಅದು ಹಂದಿಯನ್ನು ಕೊಲ್ಲುವ ಶಕ್ತಿಯನ್ನು ಕಳೆದುಕೊಳ್ಳುವುದೆಂದು ಮುಂದೆ ತಿಳಿದುಬಂತು. ಹಲ್ಲು ಕಿತ್ತ ಹಾವಿನಂತಾದ ಆ ವೈರಸೇ ಲಸಿಕೆಯಾಯಿತು. ನಮ್ಮ ದೇಶವೂ ಬಹು ಕಾಲ ಇದನ್ನೇ ಅವಲಂಬಿಸಿತ್ತು. ಆದರೆ ಒಂದು ಮೊಲವನ್ನು ಬಲಿಕೊಟ್ಟರೆ ಸಿಗುತ್ತಿದ್ದುದು ಸುಮಾರು 50 ಹಂದಿಗಳಿಗೆ ಸಾಲುವಷ್ಟು ಲಸಿಕೆ ಮಾತ್ರ. ದೇಶಕ್ಕೆ ವರ್ಷಕ್ಕೆ ಬೇಕಾದುದೋ 2 ಕೋಟಿಗೂ ಮಿಕ್ಕಿದ ಪ್ರಮಾಣ. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಮ್ಮ ದೇಶದ್ದೇ ಆದ ವೈರಸನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಪಳಗಿಸಿ, 2020ರಲ್ಲಿ ಹೊಸ ಲಸಿಕೆಯೊಂದನ್ನು ಹೊರತಂದರು. ಮೊಲಗಳ ಬಲಿ ತಪ್ಪಿತು. ಬೆಲೆಯೂ ತೀರ ಅಗ್ಗವಾಯಿತು.

ಬೆಂಗಳೂರಿನಿಂದ ವೂಸ್ಟರಿಗೆ

ಎಲ್ಲ ವೈರಸುಗಳೂ ಇಷ್ಟು ಸುಲಭವಾಗಿ ಪಳಗುವುದಿಲ್ಲ. ಪಳಗದವುಗಳ ಬೆನ್ನು ಹತ್ತಿದ ವಿಜ್ಞಾನಿಗಳಲ್ಲಿ ಡಾಕ್ಟರ್ ಗೌರಾಪುರ ರೇಣುಕಾರಾಧ್ಯ ಅವರು ಒಬ್ಬರು. ಅವರ ಮೊದಲ ಸಂಶೋಧನೆಗಳು ನಡೆದುದು ಬೆಂಗಳೂರಿನಲ್ಲಿ. ದನಕರುಗಳ ಗರ್ಭಪಾತಕ್ಕೆ ಕಾರಣವಾಗುವ ಬ್ರೂಸೆಲ್ಲಾ ರೋಗವು ಭಾರತದಲ್ಲಿ ಹರಡಿರುವ ಬಗೆಯನ್ನು ಕುರಿತು ಅವರೂ ಅವರ ಸಹೋದ್ಯೋಗಿಗಳೂ 2002ರಲ್ಲಿ ಬರೆದ ಸಮೀಕ್ಷೆ ವಿದ್ವಾಂಸರ ಗಮನ ಸೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಎಂ. ಎಸ್. ಶೈಲಾ ಅವರೊಡನೆ, ಆಡು ಕುರಿಗಳನ್ನು ಕಾಡುವ ಪಿಪಿಆರ್ ಅಥವಾ ಹಿರೇಬೇನೆಯ ವೈರಸಿನ ಹೊರಮೈಯಲ್ಲಿರುವ ಒಂದು ಪ್ರೋಟೀನನ್ನೂ ಅವರು ಪರಿಶೀಲಿಸಿದರು. ಆ ಪ್ರೋಟೀನಿನ ಯಾವ ಯಾವ ಭಾಗವನ್ನು ಪ್ರಾಣಿಯ ರಕ್ಷಣಾ ವ್ಯವಸ್ಥೆ ಗುರುತು ಹಿಡಿಯುತ್ತದೆಂಬುದೇ ಆಗಿನ ಪ್ರಶ್ನೆ. ಶತ್ರುವಿನ ಯಾವ ಗುರುತನ್ನು ಕಾವಲುಗಾರನಿಗೆ ತೋರಿಸಿಕೊಡಬೇಕು? ಲಸಿಕೆಯ ವಿಜ್ಞಾನವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ.

ಮುಂದೆ ಅವರು ಅಮೆರಿಕಕ್ಕೆ ಹೋಗಿ, ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ವೂಸ್ಟರ್ ಕೇಂದ್ರದಲ್ಲಿ ಹಂದಿಗಳ ಶ್ವಾಸಕೋಶದ ರೋಗಗಳನ್ನು ಕೈಗೆತ್ತಿಕೊಂಡರು. ಅವುಗಳಲ್ಲಿ ಮೊದಲನೆಯದು ಪಿಆರ್‌ಆರ್‌ಎಸ್ ಎಂಬ ರೋಗ. ಗಬ್ಬದ ಹಂದಿ ಮರಿ ಕಳೆದುಕೊಳ್ಳುವುದು, ಉಳಿದ ಮರಿಗಳು ಉಸಿರಾಟಕ್ಕೆ ತಿಣುಕುವುದು ಇದರ ಲಕ್ಷಣ. ಅಮೆರಿಕದಲ್ಲಿ ಇದು 1980ರ ದಶಕದ ಉತ್ತರಾರ್ಧದಲ್ಲಿ ಕಾಣಿಸಿಕೊಂಡಿತು. ವೈರಸನ್ನು 1991ರಲ್ಲಿ ಹಾಲೆಂಡಿನ ಲೆಲಿಸ್ಟಾಡ್‌ನಲ್ಲಿ ಬೇರ್ಪಡಿಸಿದರು. ಅಮೆರಿಕದ ಸಾಕಣೆದಾರರಿಗೆ ಇದರಿಂದ ವರ್ಷಕ್ಕೆ 66 ಕೋಟಿ 40 ಲಕ್ಷ ಡಾಲರಿನಷ್ಟು ನಷ್ಟವೆಂದು 2013ರಲ್ಲಿ ಪ್ರಕಟವಾದ ಲೆಕ್ಕವು ಹೇಳುತ್ತದೆ. ಅದೇ ವರ್ಷ ರೋಗವು ನಮ್ಮ ಮಿಜೋರಾಮಿಗೂ ಬಂದಿತು.

ಕಾವಲುಗಾರನನ್ನೇ ಹಿಡಿಯುವ ಕಳ್ಳ

ಈ ವೈರಸಿನ ಕುಟಿಲತೆಯನ್ನು ನೋಡಿರಿ. ಶ್ವಾಸಕೋಶದ ಗಾಳಿಚೀಲಗಳಲ್ಲಿ, ಒಳಬಂದ ಧೂಳನ್ನೂ ರೋಗಾಣುಗಳನ್ನೂ ನುಂಗಿಹಾಕುವ ಭಕ್ಷಕ ಕೋಶಗಳಿವೆ. ಇದು ಹೊಕ್ಕು ಸಂತಾನ ಬೆಳೆಸುವುದು ಆ ಕೋಶಗಳೊಳಗೇ! ಕಳ್ಳನು ಬಂದು ಕಾವಲುಗಾರನ ಮನೆಯಲ್ಲೇ ಬಿಡಾರ ಹೂಡಿದಂತಾಯಿತು. ಅದರ ಮೇಲೆ ಇದು ಆಗಿಂದಾಗ್ಗೆ ವೇಷ ಬದಲಿಸುತ್ತದೆ; ಒಂದು ತಳಿಗೆ ಮಾಡಿದ ಲಸಿಕೆ ಇನ್ನೊಂದು ತಳಿಯ ಮುಂದೆ ಸೋಲುತ್ತದೆ. ಕೃಶಗೊಳಿಸಿದ ಜೀವಂತ ವೈರಸನ್ನು ಲಸಿಕೆಯಾಗಿ ಕೊಟ್ಟರೆ ಅದು ಮತ್ತೆ ಬಲಿಯುವ ಭಯ. ಕೊಂದ ವೈರಸನ್ನು ಕೊಟ್ಟರೆ ರಕ್ಷಣೆ ದುರ್ಬಲ.

ಕೊಂದ ವೈರಸು ದುರ್ಬಲವಾಗುವುದೇಕೆ? ಸೂಜಿಯಿಂದ ಮಾಂಸಖಂಡಕ್ಕೆ ಚುಚ್ಚಿದ ಲಸಿಕೆ ರಕ್ತದಲ್ಲಿ ಪ್ರತಿವಿಷಗಳನ್ನು ಹುಟ್ಟಿಸುತ್ತದೆ. ಆದರೆ ರೋಗವು ಬರುವುದು ಮೂಗಿನ ದಾರಿಯಾಗಿ. ಊರಬಾಗಿಲನ್ನು ತೆರೆದಿಟ್ಟು ಅರಮನೆಯ ಅಂಗಳದಲ್ಲಿ ಸೈನ್ಯ ನಿಲ್ಲಿಸಿದರೆ ಊರು ಉಳಿದೀತೇ? ಮೂಗು, ಗಂಟಲುಗಳ ಒಳಪೊರೆಯಲ್ಲಿ ಐಜಿಎ ಎಂಬ ಬೇರೆಯೇ ಬಗೆಯ ಪ್ರತಿವಿಷ ಒಸರುತ್ತದೆ. ಅದನ್ನು ಎಬ್ಬಿಸಬೇಕಾದರೆ ಲಸಿಕೆಯನ್ನೂ ಮೂಗಿಗೇ ಕೊಡಬೇಕು. ಬರಿಯ ವೈರಸನ್ನು ಮೂಗಿಗೆ ಸಿಂಪಡಿಸಿದರೆ ಲೋಳೆಯು ಅದನ್ನು ಕೊಚ್ಚಿಕೊಂಡು ಹೋಗುತ್ತದೆ.

ಇಲ್ಲಿಯೇ ರೇಣುಕಾರಾಧ್ಯ ಅವರ ತಂಡದ ಉಪಾಯವಿರುವುದು. ಕೊಂದ ವೈರಸನ್ನು ಅತಿಸೂಕ್ಷ್ಮ ಕಣಗಳೊಳಗೆ ಅವರು ಹುದುಗಿಸಿದರು. ಈ ಕಣಗಳನ್ನು ಅಳೆಯುವ ಮಾನ ನ್ಯಾನೊಮೀಟರು, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಕಣದ ಗಾತ್ರ ಅಂಥ ಕೆಲವು ನೂರು. ಮೊದಲು ಬಳಸಿದ ವಸ್ತು ಪಿಎಲ್‌ಜಿಎ. ಶಸ್ತ್ರವೈದ್ಯರು ಹಾಕುವ, ತಾನೇ ಕರಗಿಹೋಗುವ ಹೊಲಿಗೆಯ ದಾರವನ್ನೂ ಇದೇ ಜಾತಿಯ ವಸ್ತುವಿನಿಂದ ಮಾಡುತ್ತಾರೆ. ಕಣವು ಮೆಲ್ಲಮೆಲ್ಲನೆ ಕರಗಿ ಒಳಗಿನ ಸರಕನ್ನು ಬಿಟ್ಟುಕೊಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಭಕ್ಷಕ ಕೋಶಗಳು ಈ ಕಣಗಳನ್ನು ತುತ್ತಿನಂತೆ ನುಂಗುತ್ತವೆ. ವೈರಸು ಮೋಸದಿಂದ ನುಗ್ಗುತ್ತಿದ್ದ ಮನೆಗೇ ಈಗ ಅದರ ಚಹರೆಪಟ್ಟಿ ತಲುಪಿದಂತಾಯಿತು.

2012ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಈ ಲಸಿಕೆಯನ್ನು ಹಂದಿಗಳ ಮೂಗಿಗೆ ಒಂದೇ ಬಾರಿ ಕೊಟ್ಟು, ಆಮೇಲೆ ಬೇರೊಂದು ತಳಿಯ ಉಗ್ರ ವೈರಸನ್ನು ಸೋಂಕಿಸಲಾಯಿತು. ಲಸಿಕೆ ಪಡೆದ ಹಂದಿಗಳ ಶ್ವಾಸಕೋಶಕ್ಕೆ ಆದ ಹಾನಿ ಕಡಿಮೆಯಾಗಿತ್ತು. ರಕ್ತದಲ್ಲಿಯೂ ಶ್ವಾಸಕೋಶದಲ್ಲಿಯೂ ವೈರಸಿನ ಪ್ರಮಾಣ ತಗ್ಗಿತ್ತು. ವೇಷ ಬದಲಿಸಿದ ಕಳ್ಳನನ್ನೂ ಕಾವಲುಗಾರನು ಗುರುತಿಸಿದ್ದನು.

ಸೀಗಡಿಯ ಚಿಪ್ಪು, ಜ್ವರದ ಮದ್ದು

ಎರಡನೆಯ ಶತ್ರು ಇನ್‌ಫ್ಲುಯೆಂಜ. ಇಲ್ಲಿ ಹಂದಿಗೂ ನಮಗೂ ನೇರ ಸಂಬಂಧವಿದೆ. ಹಂದಿಯ ಇನ್‌ಫ್ಲುಯೆಂಜ ವೈರಸನ್ನು ರಿಚರ್ಡ್ ಷೋಪ್ ಎಂಬ ಅಮೆರಿಕದ ವೈದ್ಯನು 1931ರಲ್ಲಿ ಲೋಕಕ್ಕೆ ತಿಳಿಸಿದನು. ಮನುಷ್ಯನ ವೈರಸು ಸಿಕ್ಕಿದ್ದು ಎರಡು ವರ್ಷಗಳ ಅನಂತರ. ಹಕ್ಕಿಯ ವೈರಸಿಗೂ ಮನುಷ್ಯನ ವೈರಸಿಗೂ ಹಿಡಿತ ಕೊಡುವ ಕೊಂಡಿಗಳು ಹಂದಿಯ ಶ್ವಾಸನಾಳದಲ್ಲಿವೆ. ಎರಡೂ ಒಂದೇ ಕೋಶದಲ್ಲಿ ಸೇರಿದರೆ ಅವುಗಳ ಆನುವಂಶಿಕ ತುಣುಕುಗಳು ಬೆರೆತು ಹೊಸ ವೈರಸು ಹುಟ್ಟಬಹುದು. 2009ರಲ್ಲಿ ಲೋಕವನ್ನೆಲ್ಲ ಸುತ್ತಿದ ಎಚ್1ಎನ್1 ಜ್ವರದ ವೈರಸಿನಲ್ಲಿದ್ದ ತುಣುಕುಗಳು ಹಂದಿಗಳಿಂದ ಬಂದವು.

ಇದಕ್ಕೆ ತಂಡವು ಆರಿಸಿದ ಕಣದ ವಸ್ತು ಕೈಟೊಸಾನ್. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ನಿನಿಂದ ಇದನ್ನು ತಯಾರಿಸಬಹುದು. ಮಂಗಳೂರು, ಕಾರವಾರಗಳ ಕಡಲತೀರದಲ್ಲಿ ಕಸವೆಂದು ಎಸೆಯುವ ಚಿಪ್ಪಿನಲ್ಲೂ ಇರುವುದು ಅದೇ. ಇದರ ವಿಶೇಷವೆಂದರೆ ಮೂಗಿನ ಲೋಳೆಗೆ ಅಂಟಿಕೊಳ್ಳುವ ಗುಣ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಲಸಿಕೆ ಪಡೆದ ಹಂದಿಗಳ ಮೂಗಿನಲ್ಲಿ ಐಜಿಎ ಹೆಚ್ಚಿತು; ಅವು ಹೊರಕ್ಕೆ ಚೆಲ್ಲುವ ವೈರಸು ಕಡಿಮೆಯಾಯಿತು. ಹಂದಿಯು ಸೀನಿದಾಗ ವೈರಸು ಕಡಿಮೆ ಹಾರಿದರೆ ಪಕ್ಕದ ಹಂದಿಯೂ ಅದನ್ನು ಮೇಯಿಸುವ ಮನುಷ್ಯನೂ ಅಷ್ಟರಮಟ್ಟಿಗೆ ಸುರಕ್ಷಿತರು.

ಇನ್ನೂ ಉಳಿದಿರುವ ದಾರಿ

ಪ್ರಯೋಗಶಾಲೆಯ ಗೆಲುವು ಕೊಟ್ಟಿಗೆಯ ಗೆಲುವಲ್ಲವೆಂಬುದನ್ನು ನಾವು ಮರೆಯಬಾರದು. ರೋಗವನ್ನು ತಗ್ಗಿಸುವುದು ಒಂದು, ಪೂರ್ತಿಯಾಗಿ ತಡೆಯುವುದು ಇನ್ನೊಂದು. ಸಾವಿರಾರು ಹಂದಿಗಳಿಗೆ ಅಗ್ಗವಾಗಿ, ಸುಲಭವಾಗಿ ಕೊಡಲು ಬಂದಾಗಲೇ ಲಸಿಕೆ ಸಾರ್ಥಕ. ಮದ್ದಿಲ್ಲದಿದ್ದರೆ ಏನಾಗುವುದೆಂಬುದನ್ನು ಆಫ್ರಿಕದ ಹಂದಿಜ್ವರ ತೋರಿಸಿದೆ. ಹೆಸರು ಒಂದೇ ಆದರೂ ಇದರ ವೈರಸು ಬೇರೆ. ಹಳೆಯ ಹಂದಿಜ್ವರದ ಲಸಿಕೆ ಇದಕ್ಕೆ ನಾಟುವುದಿಲ್ಲ. 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡ ಅದು 2022ರಲ್ಲಿ ನಮ್ಮ ನೆರೆಯ ವಯನಾಡನ್ನು ಮುಟ್ಟಿತು. ರೋಗ ಕಂಡ ಕಡೆ ಉಳಿದ ಹಂದಿಗಳನ್ನೂ ಕೊಂದು ಹೂಳುವುದೊಂದೇ ದಾರಿಯಾಯಿತು. ಆ ಗುಂಡಿಯ ಅಂಚಿನಲ್ಲಿ ನಿಂತ ಸಾಕಣೆದಾರನ ದುಃಖವೇ ಲಸಿಕೆಯ ಬೆಲೆಯನ್ನು ನಮಗೆ ತಿಳಿಸಬೇಕು.

ತಾಜಸುಲ್ತಾನಪುರದ ವಿದ್ಯಾರ್ಥಿಗೆ ವೂಸ್ಟರ್ ಬಹು ದೂರವೆನಿಸಬಹುದು. ಆದರೆ ಕಮಲಾಪುರ, ಹುಮನಾಬಾದ್ ಮಾರ್ಗವಾಗಿ ಹೊರಟರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಇಂದು ಹಂದಿಯನ್ನು ಕಂಡು ಮುಖ ತಿರುಗಿಸುವ ಬಾಲಕರಲ್ಲಿ ಒಬ್ಬನಾದರೂ, ಒಬ್ಬಳಾದರೂ ನಾಳೆ ಅಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಆ ಪ್ರಾಣಿಯ ಉಸಿರಿಗೂ ನಮ್ಮ ಉಸಿರಿಗೂ ಇರುವ ನಂಟನ್ನು ಮನಗಂಡರೆ, ಈ ಲೇಖನ ಬರೆದ ಶ್ರಮ ಸಫಲವಾಯಿತೆಂದು ನಾವು ತಿಳಿಯುವೆವು.